ಯೊಕೊಹಾಮಾ ಕಡಲಂಚಿನಲ್ಲಿ ಒಂದು ನಿಧಾನದ ದಿನ: ಎಲ್ಲಿಂದ ಶುರು, ಏನು ನೋಡೋದು, ಏನು ತಿನ್ನೋದು

ಜಪಾನಿಗೆ ಹೊರಟವರು ದಾರಿ ಕೇಳಿದರೆ ನಾನು ಹೇಳುವ ಮಾತು ಒಂದೇ. ಟೋಕಿಯೊ ನೋಡಿ, ಕ್ಯೋಟೊ ನೋಡಿ, ಆದರೆ ನಡುವೆ ಒಂದು ಪೂರ್ತಿ ದಿನವನ್ನು ಯೊಕೊಹಾಮಾದ ಕಡಲಂಚಿಗೆ ಅಂತ ಎತ್ತಿಡಿ. ಟೋಕಿಯೊದಿಂದ ಬರೀ ಅರ್ಧ, ಮುಕ್ಕಾಲು ಗಂಟೆಯ ರೈಲು ದಾರಿ. ಹತ್ತಿರ ಇದೆ ಅಂತಲೇ ತುಂಬಾ ಜನ ಸಂಜೆ ಎರಡು ಗಂಟೆ ಹೋಗಿ, ಜೈಂಟ್ ವೀಲ್ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಆ ಊರು ಹಾಗೆ ನೋಡುವಂಥದ್ದಲ್ಲ. ಸ್ವಲ್ಪ ನಡೆದು, ಏನಾದರೂ ತಿಂದು, ಬೆಂಚಿನ ಮೇಲೆ ಕೂತು, ಮತ್ತೆ ಸ್ವಲ್ಪ ನಡೆಯಬೇಕು.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಮಂಡಿನೋವು. ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಅವರಿಗೆ ಸರಿಹೋದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಹಿರಿಯರಿರುವ, ಸಸ್ಯಾಹಾರಿಗಳಿರುವ ಮನೆಯವರಿಗೆ ಹೆಚ್ಚು ಉಪಯೋಗವಾದೀತು. ಮಿಕ್ಕವರಿಗೆ ತಿನ್ನಲು ಇನ್ನೂ ನಾಲ್ಕು ಬಗೆ ಜಾಸ್ತಿ ಸಿಗುತ್ತವೆ, ಅಷ್ಟೇ.

ಮೊದಲು ದಿನ ನೋಡಿ, ಆಮೇಲೆ ದಿಕ್ಕು

ಯಾವ ವಾರ ಹೋಗುತ್ತೀರಿ ಅನ್ನುವುದು ಮುಖ್ಯ. ಹಳೆಯ ಹಡಗು ಹಿಕಾವಾ ಮಾರು ಮತ್ತು ರೇಷ್ಮೆ ವಸ್ತುಸಂಗ್ರಹಾಲಯ, ಎರಡಕ್ಕೂ ಸೋಮವಾರ ರಜೆ. ಕಪ್ ನೂಡಲ್ಸ್ ಮ್ಯೂಸಿಯಂಗೆ ಮಂಗಳವಾರ ರಜೆ. ಜೈಂಟ್ ವೀಲ್ ಇರುವ ಕಾಸ್ಮೊ ವರ್ಲ್ಡ್ ಎಷ್ಟೋ ಗುರುವಾರ ಮುಚ್ಚಿರುತ್ತದೆ. ಶನಿವಾರ, ಭಾನುವಾರ ಚೈನಾಟೌನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ಬುಧವಾರ ಅಥವಾ ಶುಕ್ರವಾರ ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಆಯಾ ಜಾಗದ ವೆಬ್‌ಸೈಟಿನಲ್ಲಿ ರಜೆ ಮತ್ತು ದರ ಒಮ್ಮೆ ನೋಡಿಬಿಡಿ.

ಇನ್ನು ದಿಕ್ಕು. ಹೆಚ್ಚಿನವರು ಸಕುರಾಗಿಚೊ ಸ್ಟೇಷನ್ನಿನಲ್ಲಿ ಇಳಿದು, ಜೈಂಟ್ ವೀಲ್ ಕಡೆಯಿಂದ ಶುರು ಮಾಡಿ, ಚೈನಾಟೌನಿನಲ್ಲಿ ಮುಗಿಸುತ್ತಾರೆ. ನೀವು ಉಲ್ಟಾ ಮಾಡಿ. ಪೂರ್ವದ ಗುಡ್ಡದಿಂದ ಶುರು ಮಾಡಿ ಪಶ್ಚಿಮಕ್ಕೆ ಬನ್ನಿ. ಇದರಿಂದ ಎರಡು ಲಾಭ. ಬೆಳಿಗ್ಗೆ ಕಾಲಲ್ಲಿ ಕಸುವಿರುವಾಗಲೇ ಗುಡ್ಡದ ಕೆಲಸ ಮುಗಿಯುತ್ತದೆ. ಸಂಜೆ ಆಗುತ್ತಾ ಬಂದಂತೆ ಮಿನಾತೊ ಮಿರಾಯ್ ಅನ್ನುವ ಹೊಸ ಬಡಾವಣೆಯ ಕಟ್ಟಡಗಳ ದೀಪಗಳು ನಿಮ್ಮ ಎದುರಿಗೇ ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಆ ಕಡೆಯಿಂದ ಬಂದವರಿಗೆ ಇದೆಲ್ಲ ಬೆನ್ನ ಹಿಂದೆ ನಡೆದುಹೋಗುತ್ತದೆ.

ಕೈಯಲ್ಲಿ ಏನಿರಬೇಕು

ಸುಯಿಕಾ ಅಥವಾ ಪಾಸ್ಮೊ ಅನ್ನುವ ಪ್ರಯಾಣದ ಕಾರ್ಡಿಗೆ 3000 ಯೆನ್ ಹಾಕಿಸಿಕೊಳ್ಳಿ. ರೈಲು, ಬಸ್ಸು, ದಾರಿಯ ಚಿಕ್ಕ ಅಂಗಡಿಗಳಲ್ಲಿ ಸಿಗುವ ನೀರಿನ ಬಾಟಲು, ಎಲ್ಲಕ್ಕೂ ಅದೇ ನಡೆಯುತ್ತದೆ. ಆದರೂ ಸಣ್ಣ ತಿಂಡಿ ಅಂಗಡಿಗಳಿಗೆ ಅಂತ 100 ಯೆನ್ನಿನ ನಾಣ್ಯಗಳು, 1000ದ ನೋಟುಗಳು ಜೇಬಿನಲ್ಲಿರಲಿ. 100 ಯೆನ್ ಅಂದರೆ ನಮ್ಮ 60 ರೂಪಾಯಿಯ ಆಸುಪಾಸು ಅಂತ ಲೆಕ್ಕ ಇಟ್ಟುಕೊಂಡರೆ ಸಾಕು.

ಒಂದು ಖಾಲಿ ಪ್ಲಾಸ್ಟಿಕ್ ಚೀಲವನ್ನು ಮರೆಯಬೇಡಿ. ಜಪಾನಿನ ಬೀದಿಗಳಲ್ಲಿ ಕಸದ ಡಬ್ಬ ಸಿಗುವುದೇ ಅಪರೂಪ. ತಿಂದ ಕಡ್ಡಿ, ಕಾಗದ, ಲೋಟ ಎಲ್ಲ ಸಂಜೆವರೆಗೂ ನಿಮ್ಮ ಬ್ಯಾಗಿನಲ್ಲೇ ಇರಬೇಕು. ಒಂದು ಚಿಕ್ಕ ಕರ್ಚೀಫು ಕೂಡ ಬೇಕು. ಎಷ್ಟೋ ಶೌಚಾಲಯಗಳಲ್ಲಿ ಕೈ ಒರೆಸಲು ಕಾಗದ ಇರುವುದಿಲ್ಲ. ಶೌಚಾಲಯ ಮಾತ್ರ ಎಲ್ಲ ಕಡೆ ಇದೆ, ಚೊಕ್ಕಟವಾಗಿದೆ, ದುಡ್ಡು ಕೊಡಬೇಕಿಲ್ಲ. ಹಿರಿಯರ ಜೊತೆ ಹೋಗುವವರಿಗೆ ಇದು ದೊಡ್ಡ ನೆಮ್ಮದಿ ಅಲ್ವಾ?

ಸಸ್ಯಾಹಾರಿಗಳು ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ. ನಿಕು ಅಂದರೆ ಮಾಂಸ. ಸಕಾನಾ ಅಂದರೆ ಮೀನು. ತಮಾಗೊ ಅಂದರೆ ಮೊಟ್ಟೆ. ರಾಡೊ ಅಂದರೆ ಹಂದಿ ಕೊಬ್ಬು. ತಿಂಡಿಯ ಕಡೆ ಬೆರಳು ತೋರಿಸಿ "ನಿಕು ವಾ ಹೈತ್ತೆ ಇಮಾಸ್ ಕಾ?" ಅಂತ ಕೇಳಿದರೆ "ಇದರಲ್ಲಿ ಮಾಂಸ ಇದೆಯಾ?" ಅಂತ ಅರ್ಥ. ನಿಕು ಜಾಗದಲ್ಲಿ ಬೇರೆ ಪದ ಹಾಕಿ ಕೇಳುತ್ತಾ ಹೋಗಬಹುದು. ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಪ್ಯಾಕೆಟ್ ತಂದು ಓದಿ ಹೇಳಿದವರನ್ನೂ ನೋಡಿದ್ದೇನೆ.

ಬೆಳಿಗ್ಗೆ 9: ಗುಡ್ಡದ ಮೇಲಿಂದ ಬಂದರು

ಟೋಕಿಯೊದ ಶಿಬುಯಾದಿಂದ ತೋಯೊಕೊ ಲೈನಿನ ರೈಲು ಹತ್ತಿದರೆ ಅದೇ ಮುಂದೆ ಮಿನಾತೊ ಮಿರಾಯ್ ಲೈನ್ ಆಗಿ ಕೊನೆಯ ಸ್ಟೇಷನ್ ಮೊತೊಮಾಚಿ-ಚೂಕಗಾಯ್‌ವರೆಗೂ ಹೋಗುತ್ತದೆ. ಎಲ್ಲೂ ಬದಲಿಸಬೇಕಿಲ್ಲ. ತೊಕ್ಕ್ಯೂ ಅಂತ ಬರೆದ ವೇಗದ ರೈಲಿಗೂ ಇಲ್ಲಿ ಹೆಚ್ಚಿನ ಟಿಕೆಟ್ ಬೇಡ. ಕಾದಿರಿಸಿದ ಸೀಟಿನ ಬೋಗಿ ಇದ್ದರೆ ಅದೊಂದನ್ನು ಬಿಟ್ಟು ಬೇರೆಯದು ಹತ್ತಿ.

ಇಳಿದ ಮೇಲೆ 6ನೇ ದ್ವಾರ ಹುಡುಕಿ. ಇದೇ ಇಲ್ಲಿನ ಗುಟ್ಟು. ಬೇರೆ ದ್ವಾರದಲ್ಲಿ ಹೊರಬಂದರೆ ಗುಡ್ಡವನ್ನು ಕಾಲಲ್ಲೇ ಹತ್ತಬೇಕು. 6ನೇ ದ್ವಾರದಲ್ಲಿ ಎಸ್ಕಲೇಟರು, ಲಿಫ್ಟು ಸೀದಾ ಗುಡ್ಡದ ಮೇಲಿನ ಅಮೆರಿಕಾ-ಯಾಮಾ ಪಾರ್ಕಿಗೆ ತಂದು ಬಿಡುತ್ತವೆ. ಅಮ್ಮ ಒಂದು ಮೆಟ್ಟಿಲೂ ಹತ್ತದೆ ಮೇಲೆ ಬಂದರು.

ಅಲ್ಲಿಂದ ವಿದೇಶಿಯರ ಹಳೆ ಸ್ಮಶಾನದ ಪಕ್ಕದಲ್ಲೇ ಸ್ವಲ್ಪ ನಡೆದರೆ ಬಂದರು ಕಾಣುವ ಗುಡ್ಡದ ಉದ್ಯಾನ ಸಿಗುತ್ತದೆ. ಜಪಾನಿ ಹೆಸರಿನ ಅರ್ಥವೂ ಅಷ್ಟೇ, "ಬಂದರು ಕಾಣುವ ದಿಬ್ಬದ ಪಾರ್ಕು". ಕಟ್ಟೆಯ ಹತ್ತಿರ ನಿಂತರೆ ಎದುರಿಗೆ 1989ರಲ್ಲಿ ತೆರೆದ ಬೇ ಬ್ರಿಜ್, 860 ಮೀಟರ್ ಉದ್ದದ ಬಿಳಿ ಸೇತುವೆ. ಕೆಳಗೆ ಕ್ರೇನುಗಳು, ಕಂಟೇನರುಗಳು. ಇದು ನಿಜವಾಗಿ ಕೆಲಸ ಮಾಡುವ ಬಂದರು ಅನ್ನುವುದು ಇಲ್ಲಿ ನಿಂತಾಗ ತಿಳಿಯುತ್ತದೆ. ಮೇ ಮತ್ತು ಅಕ್ಟೋಬರಿನಲ್ಲಿ ಹೋದರೆ ಗುಲಾಬಿ ತೋಟ ಅರಳಿರುತ್ತದೆ.

ಪಾರ್ಕಿನೊಳಗೆ 1937ರಲ್ಲಿ ಬ್ರಿಟಿಷ್ ಕಾನ್ಸುಲ್ ಜನರಲ್‌ಗಾಗಿ ಕಟ್ಟಿದ ಮನೆ ಇದೆ. ಒಳಗೆ ಹೋಗಲು ದುಡ್ಡಿಲ್ಲ. ಈ ಗುಡ್ಡದಲ್ಲಿ ಇಂಥ ಹಳೆ ವಿದೇಶಿ ಮನೆಗಳು ಇನ್ನೂ ಇವೆ, ಪುಕ್ಕಟೆ ನೋಡಬಹುದು. ಆದರೆ ಎಲ್ಲ ಮನೆ ಸುತ್ತಲು ಹೋದರೆ ಮಧ್ಯಾಹ್ನ ಆಗಿಬಿಡುತ್ತದೆ. ಒಂದು ನೋಡಿ ಸಾಕು ಮಾಡಿ.

ಕೆಳಗಿಳಿಯಲು ಫ್ರಾನ್ಸ್-ಯಾಮಾ ಅನ್ನುವ ಕಾಡಿನಂಥ ಇಳಿಜಾರು ದಾರಿ ಇದೆ. ಮೆಟ್ಟಿಲುಗಳಿವೆ, ಮಂಡಿ ನೋವಿನವರು ಕೈಹಿಡಿ ಬಿಡದೆ ಇಳಿಯಬೇಕು. ಕೆಳಗೆ ಬೊಂಬೆ ವಸ್ತುಸಂಗ್ರಹಾಲಯದ ಪಕ್ಕದ ಕಾಲ್ಸೇತುವೆ ಹಿಡಿದರೆ ರಸ್ತೆ ದಾಟುವ ಗೋಜಿಲ್ಲದೆ ಯಾಮಾಶಿತಾ ಪಾರ್ಕು ತಲುಪುತ್ತೀರಿ. ಹಳೆಯ ಪ್ರವಾಸದ ವೀಡಿಯೊಗಳಲ್ಲಿ ಇಲ್ಲಿ ಅಲ್ಲಾಡುವ ದೊಡ್ಡ ಗುಂಡಮ್ ರೋಬೋಟ್ ತೋರಿಸುತ್ತಾರೆ. ಅದು 2024ರ ಮಾರ್ಚಿಗೆ ಮುಗಿದುಹೋಯಿತು, ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

10 ಗಂಟೆ: ಅವಶೇಷದ ಮೇಲೆ ಬೆಳೆದ ಪಾರ್ಕು, ದಡಕ್ಕೆ ನಿಂತ ಹಡಗು

ಯಾಮಾಶಿತಾ ಪಾರ್ಕಿನ ಹುಲ್ಲಿನ ಮೇಲೆ ಕೂರುವ ಮುಂಚೆ ಒಂದು ವಿಷಯ ತಿಳಿದಿರಲಿ. 1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನದ ಅಡುಗೆಯ ಹೊತ್ತಿಗೆ, ಭಾರಿ ಭೂಕಂಪವಾಗಿ ಯೊಕೊಹಾಮಾ ಕುಸಿಯಿತು, ಆಮೇಲೆ ಸುಟ್ಟುಹೋಯಿತು. ಬಿದ್ದ ಮನೆಗಳ ಇಟ್ಟಿಗೆ, ಕಲ್ಲು, ಅವಶೇಷಗಳನ್ನೆಲ್ಲ ತಂದು ಸಮುದ್ರಕ್ಕೆ ಸುರಿದು ಈ ನೆಲ ಮಾಡಿದರು. 1930ರಲ್ಲಿ ಪಾರ್ಕು ತೆರೆಯಿತು. ಮಕ್ಕಳು ಓಡುತ್ತಿರುವ, ಅಜ್ಜಂದಿರು ನಾಯಿ ಹಿಡಿದು ನಡೆಯುತ್ತಿರುವ ಹುಲ್ಲಿನ ಕೆಳಗೆ ಹಳೆ ಯೊಕೊಹಾಮಾ ಮಲಗಿದೆ.

ದಡಕ್ಕೆ ಕಟ್ಟಿ ನಿಲ್ಲಿಸಿದ ಕಪ್ಪು ಹಡಗೇ ಹಿಕಾವಾ ಮಾರು. 300 ಯೆನ್ ಟಿಕೆಟ್. ಬಿಡಬೇಡಿ. 1930ರಲ್ಲಿ ಸಿಯಾಟಲ್ ದಾರಿಗೆ ಇಳಿದ ಪ್ರಯಾಣಿಕರ ಹಡಗು ಇದು. 1932ರಲ್ಲಿ ಚಾರ್ಲಿ ಚಾಪ್ಲಿನ್ ಇದರಲ್ಲೇ ಊರಿಗೆ ಮರಳಿದ್ದು. ಯುದ್ಧ ಬಂದಾಗ ಆಸ್ಪತ್ರೆ ಹಡಗಾಯಿತು. ಆ ಕಾಲದ ಜಪಾನಿನ ದೊಡ್ಡ ಪ್ರಯಾಣಿಕ ಹಡಗುಗಳು ಹೆಚ್ಚುಕಡಿಮೆ ಎಲ್ಲ ಮುಳುಗಿದರೂ ಇದು ಉಳಿಯಿತು. 1960ರಲ್ಲಿ ಕೆಲಸದಿಂದ ಬಿಡುವು ಪಡೆದು, ಮರುವರ್ಷ ಇಲ್ಲಿಗೆ ಬಂದು ನಿಂತಿತು.

ಒಳಗೆ ಮೊದಲ ದರ್ಜೆಯ ಊಟದ ಕೋಣೆ ಮತ್ತು ಮೂರನೇ ದರ್ಜೆಯ ಮಲಗುವ ಕೋಣೆ, ಎರಡನ್ನೂ ನೋಡಿ. ಒಂದರಲ್ಲಿ ಹೂಕುಂಡ, ಬೆಳ್ಳಿ ಚಮಚ. ಇನ್ನೊಂದರಲ್ಲಿ ಎದ್ದು ಕೂತರೆ ತಲೆ ಮೇಲಿನ ಹಲಗೆಗೆ ತಾಗುವಂಥ ಮಂಚಗಳು. ಕೊನೆಗೆ ಎಂಜಿನ್ ಕೋಣೆ. ಅಲ್ಲಿಗೆ ಇಳಿಯುವ ಮೆಟ್ಟಿಲು ಕಡಿದಾಗಿದೆ. ಅಮ್ಮ ಮೇಲೆ ಡೆಕ್ಕಿನ ಬೆಂಚಿನಲ್ಲೇ ಕೂತು ಸೀಗಲ್ ಹಕ್ಕಿಗಳನ್ನು ನೋಡುತ್ತಿದ್ದರು. ಒಟ್ಟು ಒಂದು ಗಂಟೆ ಸಾಕು.

12 ಗಂಟೆ: ಚೈನಾಟೌನಿನಲ್ಲಿ ಹೊಟ್ಟೆ ತುಂಬಿಸದೆ ತಿನ್ನುವುದು

ಪಾರ್ಕಿಗೆ ಬೆನ್ನು ಮಾಡಿ ಒಳಗೆ ಐದು, ಹತ್ತು ನಿಮಿಷ ನಡೆದರೆ ಬಣ್ಣದ ದೊಡ್ಡ ಕಮಾನು. 1859ರಲ್ಲಿ ಬಂದರು ತೆರೆದಾಗ ಪಾಶ್ಚಾತ್ಯ ವ್ಯಾಪಾರಿಗಳ ಜೊತೆ ಬಂದ ಚೀನೀಯರು ನೆಲೆ ನಿಂತ ಕೇರಿ ಇದು. ಇಂದು 500ಕ್ಕೂ ಹೆಚ್ಚು ಅಂಗಡಿ, ಹೋಟೆಲುಗಳಿವೆ. ಹಬೆ ಪಾತ್ರೆಗಳಿಂದ ಏಳುವ ಬಿಳಿ ಹೊಗೆ, ಹುರಿದ ಚೆಸ್ಟ್‌ನಟ್ ಘಮ, ಕರೆಯುವ ಅಂಗಡಿಯವರು. ಟೋಕಿಯೊದ ಶಿಸ್ತಿನ ಬೀದಿಗಳ ನಂತರ ನಮ್ಮ ಸಂತೆಗೆ ಬಂದ ಹಾಗೆ ಅನಿಸುತ್ತದೆ.

ಇಲ್ಲಿ ಒಂದೇ ಹೋಟೆಲಿನಲ್ಲಿ ಕೂತು ಊಟ ಮಾಡಬೇಡಿ. "ಎಷ್ಟು ಬೇಕಾದರೂ ತಿನ್ನಿ" ಅನ್ನುವ ಬೋರ್ಡುಗಳು ತುಂಬಾ ಇವೆ. ಅದರಲ್ಲಿ ಕೂತರೆ ಆಮೇಲೆ ಇಡೀ ಮಧ್ಯಾಹ್ನ ನಡೆಯಲಾಗುವುದಿಲ್ಲ. ಒಬ್ಬರಿಗೆ ಒಂದರಂತೆ ಬೇಡ, ಒಂದು ತಗೊಂಡು ಇಬ್ಬರು ಹಂಚಿಕೊಳ್ಳಿ. ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಿ, ಕಸವನ್ನು ಅದೇ ಅಂಗಡಿಯ ಡಬ್ಬಕ್ಕೆ ಹಾಕಿ ಮುಂದೆ ಹೋಗಿ. ಜನರ ನಡುವೆ ತಿನ್ನುತ್ತಾ ನಡೆಯುವುದು ಅಲ್ಲಿ ಅಷ್ಟು ಒಳ್ಳೆಯ ನಡತೆಯಲ್ಲ.

ಮಾಂಸ ತಿನ್ನುವವರಿಗೆ ಮೊದಲ ತಿಂಡಿ ನಿಕುಮಾನ್, ಹಂದಿ ಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು. ಎರಡನೆಯದು ಯಾಕಿ-ಶೋರೊನ್‌ಪೊ. ತಳ ಗರಿಗರಿಯಾಗಿ ಕಾದ ಕಡುಬು, ಒಳಗೆ ಬಿಸಿ ಸಾರು ತುಂಬಿರುತ್ತದೆ. ಒಂದೇ ಸಲ ಬಾಯಿಗೆ ಹಾಕಿದರೆ ನಾಲಿಗೆ ಸುಟ್ಟುಹೋಗುತ್ತದೆ. ಮೇಲೆ ಸಣ್ಣ ತೂತು ಮಾಡಿ, ಹಬೆ ಹೋಗಲು ಬಿಟ್ಟು, ಸಾರು ಹೀರಿ, ಆಮೇಲೆ ಕಚ್ಚಿ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಅನ್‌ಮಾನ್ ಅಂತ ಕೆಂಪು ಕಾಳಿನ ಸಿಹಿ ಹೂರಣದ ಬನ್ನು ಸಿಗುತ್ತದೆ. ನೋಡಿದರೆ ನಮ್ಮ ಹೋಳಿಗೆಯ ಹೂರಣವೇ. ನಾನು ಖುಷಿಯಿಂದ ಅಮ್ಮನಿಗೆ ಕೊಡಿಸಿ, ಅವರು ಅರ್ಧ ತಿಂದ ಮೇಲೆ ಪಟ್ಟಿ ಓದಿದೆ. ಹೂರಣಕ್ಕೆ ಹಂದಿ ಕೊಬ್ಬು ಹಾಕಿದ್ದರು. ಚೀನೀ ಬಗೆಯ ಹೂರಣ ನುಣುಪಾಗಿ ಬರಲು ಹಾಗೆ ಮಾಡುವುದು ವಾಡಿಕೆ. ಅಂಗಡಿಯವರ ತಪ್ಪಲ್ಲ, ನಾನು ಕೇಳಬೇಕಿತ್ತು. ಅಮ್ಮ ಏನೂ ಅನ್ನಲಿಲ್ಲ, ಆದರೆ ಆ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಮೇಲೆ ರಾಡೊ ಅನ್ನುವ ಪದ ಬರೆದದ್ದು. ಎಳ್ಳು ಮೆತ್ತಿದ ಗೋಮಾ-ದಾಂಗೊ ಉಂಡೆಗೂ ಅದೇ ಪ್ರಶ್ನೆ ಕೇಳಿ. ಪುಡ್ಡಿಂಗ್‌ಗಳಲ್ಲಿ ಜೆಲಾಟಿನ್ ಇರಬಹುದು.

ಭಯವಿಲ್ಲದೆ ತಿನ್ನಬಹುದಾದದ್ದು ಎರಡು. ಬಿಸಿ ಕಲ್ಲುಗಳ ಜೊತೆ ಹುರಿದ ಅಮಾಗುರಿ ಚೆಸ್ಟ್‌ನಟ್, ಮತ್ತು ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿದ ಸ್ಟ್ರಾಬೆರಿ. ಚೆಸ್ಟ್‌ನಟ್ ಮಾರುವವರು ದಾರಿಯಲ್ಲಿ ನಿಂತು ರುಚಿ ನೋಡಲು ಕೈಗೆ ತುರುಕುತ್ತಾರೆ, ಆಮೇಲೆ ದೊಡ್ಡ ಚೀಲ ಕೊಳ್ಳಿ ಅಂತ ಬಿಡದೆ ಹಿಡಿಯುತ್ತಾರೆ. ಬೇಡದಿದ್ದರೆ ಕೈ ಚಾಚಬೇಡಿ. ಬೇಕಿದ್ದರೆ ಬೆಲೆ ಬರೆದಿಟ್ಟ ಅಂಗಡಿಗೆ ಹೋಗಿ ಚಿಕ್ಕ ಚೀಲ ಕೇಳಿ. ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಬೇಕು ಅನ್ನುವವರಿಗೆ ಕನ್ನಾಯ್ ಸ್ಟೇಷನ್ ಸುತ್ತಮುತ್ತ ಇಂಡಿಯನ್ ಹೋಟೆಲುಗಳಿವೆ. ನಾನು ಅಮ್ಮನಿಗೆ ಬೆಳಿಗ್ಗೆಯೇ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆ. ಪಾರ್ಕಿನ ಬೆಂಚಿನಲ್ಲಿ ಕೂತು ತಿಂದರು. ಅದೂ ಒಳ್ಳೆಯದೇ.

ಹೊರಡುವ ಮುಂಚೆ ಕಾಂತೆಯ್‌ಬ್ಯೋ ಗುಡಿ ಒಮ್ಮೆ ಹಣಕಿ ನೋಡಿ. ಚೀನಾದ ವೀರ ಗುವಾನ್ ಯು ಇಲ್ಲಿ ವ್ಯಾಪಾರದ ದೇವರು. ಗುಡಿಯ ಮೂಲ 1873ರ ಹೊತ್ತಿನದು, ಈಗಿನ ಕಟ್ಟಡ 1990ರದ್ದು.

2 ಗಂಟೆ: ನಮ್ಮವರು ಬಿಟ್ಟುಹೋದ ಗುರುತು

ಮತ್ತೆ ಪಾರ್ಕಿಗೆ ಬನ್ನಿ, ಈ ಸಲ ಪಶ್ಚಿಮದ ತುದಿಗೆ. ಮರಗಳ ನಡುವೆ ಒಂದು ಸಣ್ಣ ಗುಮ್ಮಟದ ಮಂಟಪ ಕಾಣುತ್ತದೆ. ಜಪಾನಿಯರು ಇದನ್ನು ಇಂದೋ-ಸುಯ್‌ತೋ ಅನ್ನುತ್ತಾರೆ, ಅಂದರೆ ಭಾರತದ ನೀರಿನ ಗೋಪುರ. ಎಷ್ಟೋ ಭಾರತೀಯರು ಇದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ಏನು ಅಂತ ಗೊತ್ತಿರುವುದಿಲ್ಲ.

ಆ ಕಾಲದಲ್ಲಿ ಯೊಕೊಹಾಮಾದಲ್ಲಿ ರೇಷ್ಮೆ ಬಟ್ಟೆ ಕೊಂಡು ಹೊರಗೆ ಕಳಿಸುವ ಭಾರತೀಯ ವ್ಯಾಪಾರಿಗಳಿದ್ದರು, ಅವರಲ್ಲಿ ಸಿಂಧಿಗಳು ಹೆಚ್ಚು. 1923ರ ಭೂಕಂಪದಲ್ಲಿ ಅವರಲ್ಲೂ ಕೆಲವರು ಸತ್ತರು. ಬದುಕಿದವರಲ್ಲಿ ಹೆಚ್ಚಿನವರು ಕೋಬೆಗೆ ಹೋದರು. ಊರಿನವರು ಅವರನ್ನು ಮರಳಿ ಕರೆದು, ಮನೆ ಕಟ್ಟಿಕೊಟ್ಟು, ಮತ್ತೆ ವ್ಯಾಪಾರಕ್ಕೆ ನೆಲೆ ಮಾಡಿಕೊಟ್ಟರು. ಆ ಉಪಕಾರ ನೆನೆದು, ತಮ್ಮವರ ನೆನಪಿಗೂ ಆಗಲಿ ಅಂತ, ಭಾರತೀಯ ಸಮುದಾಯ 1939ರಲ್ಲಿ ಇದನ್ನು ಕಟ್ಟಿಸಿ ಊರಿಗೆ ಕೊಟ್ಟಿತು. ಒಳಗೆ ನಿಂತು ತಲೆ ಎತ್ತಿ ನೋಡಿ. ಗುಮ್ಮಟದ ಒಳಮೈಗೆ ಬಣ್ಣದ ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಕೂಡಿಸಿ ಚಿತ್ತಾರ ಮಾಡಿದ್ದಾರೆ. ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ತಂಪು. ಪ್ರತಿ ಸೆಪ್ಟೆಂಬರ್ 1ರಂದು ಇಲ್ಲಿ ನೆನಪಿನ ಸಭೆ ನಡೆಯುತ್ತದೆ.

ರಸ್ತೆ ದಾಟಿದರೆ ಎದುರಿಗೇ ಸಿಲ್ಕ್ ಸೆಂಟರ್. ಒಳಗಿರುವ ರೇಷ್ಮೆ ವಸ್ತುಸಂಗ್ರಹಾಲಯಕ್ಕೆ 500 ಯೆನ್. ಪ್ರವಾಸಿಗಳು ಜಾಸ್ತಿ ಹೋಗುವುದಿಲ್ಲ. ಕನ್ನಡಿಗರು ಮಾತ್ರ ಹೋಗಲೇಬೇಕು ಅಂತ ನನ್ನ ಒತ್ತಾಯ. ಈ ಬಂದರು ಬೆಳೆದದ್ದೇ ರೇಷ್ಮೆ ನೂಲಿನಿಂದ. ಒಳನಾಡಿನ ಗುನ್ಮಾ ಕಡೆಯ ರೈತರ ಮನೆಗಳಿಂದ ಬಂದ ನೂಲು ಇಲ್ಲಿ ಹಡಗು ಹತ್ತಿ ಯುರೋಪು, ಅಮೆರಿಕಕ್ಕೆ ಹೋಗುತ್ತಿತ್ತು. ನಮಗೂ ಇದಕ್ಕೂ ನಂಟಿದೆ. 1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿಗೆ ಬಂದು ನಮ್ಮ ವಿಜ್ಞಾನಿಗಳ ಜೊತೆ ದ್ವಿತಳಿ (ವರ್ಷಕ್ಕೆ ಎರಡು ತಲೆಮಾರು ಹುಳು ಬರುವ ತಳಿ) ರೇಷ್ಮೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ರಾಮನಗರದ ಮಾರುಕಟ್ಟೆಯಲ್ಲಿ ಬೆಳ್ಳಗೆ ಹೊಳೆಯುವ ದ್ವಿತಳಿ ಗೂಡು ನೋಡಿದವರಿಗೆ ಇದು ದೂರದ ವಿಷಯ ಅನಿಸುವುದಿಲ್ಲ.

ಅಮ್ಮ ಕನಕಪುರದ ಕಡೆಯವರು. ಚಿಕ್ಕಂದಿನಲ್ಲಿ ಮನೆ ತುಂಬ ಹುಳು ಸಾಕುತ್ತಿದ್ದರು. ಹಡಗು, ಸೇತುವೆ ಎಲ್ಲ ಸುಮ್ನೆ ನೋಡಿಕೊಂಡು ಬಂದವರು ಇಲ್ಲಿ ಗಾಜಿನ ಮುಂದೆ ನಿಂತುಬಿಟ್ಟರು. ಖಾಲಿ ಕೈಯನ್ನು ಕಿವಿ ಹತ್ತಿರ ತಂದು, ಗೂಡು ಹಿಡಿದ ಹಾಗೆ ಬೆರಳು ಮಾಡಿ ಅಲ್ಲಾಡಿಸಿದರು. "ಹಿಂಗೆ ಅಲ್ಲಾಡಿಸಿದ್ರೆ ಒಳಗಿನ ಹುಳ ಟಕ್ ಟಕ್ ಅನ್ನಬೇಕು ಕಣೋ. ಆವಾಗ್ಲೇ ಗೂಡು ಬಲಿತಿದೆ ಅಂತ ನಮ್ಮಪ್ಪ ಮಾರೋಕೆ ತಗೊಂಡು ಹೋಗ್ತಿದ್ರು," ಅಂದರು. ಪಕ್ಕದಲ್ಲಿ ನಿಂತಿದ್ದ ಜಪಾನಿ ಅಜ್ಜಿಯೊಬ್ಬರು ಭಾಷೆ ತಿಳಿಯದಿದ್ದರೂ ತಾವೂ ಕೈ ಕಿವಿಗೆ ತಂದು ಅಲ್ಲಾಡಿಸಿ ತಲೆಯಾಡಿಸಿದರು. ನಾವು ಅಲ್ಲಿ ಅರ್ಧ ಗಂಟೆ ಅಂದುಕೊಂಡಿದ್ದೆವು, ಒಂದೂವರೆ ಗಂಟೆ ಆಯಿತು.

4 ಗಂಟೆ: ಆನೆ ಐಸ್‌ಕ್ರೀಮು, ತಿಮಿಂಗಿಲದ ಬೆನ್ನು

ನೀರಿನ ಕಡೆ ಎರಡು ಹೆಜ್ಜೆ ನಡೆದರೆ ಝೋ-ನೊ-ಹಾನಾ ಪಾರ್ಕು. ಹೆಸರಿನ ಅರ್ಥ ಆನೆಯ ಸೊಂಡಿಲು. ಅಲೆ ತಡೆಯಲು ಕಟ್ಟಿದ ಹಳೆ ಕಲ್ಲುಗೋಡೆ ಸೊಂಡಿಲಿನ ಹಾಗೆ ಬಾಗಿದೆ, ಅದಕ್ಕೇ ಆ ಹೆಸರು. ಬಂದರು ತೆರೆದು 150 ವರ್ಷವಾದಾಗ, 2009ರಲ್ಲಿ, ಇದನ್ನು ಪಾರ್ಕು ಮಾಡಿದರು. ಇಲ್ಲಿನ ಕೆಫೆಯಲ್ಲಿ ಆನೆ ಮುಖದ ಸಾಫ್ಟ್ ಐಸ್‌ಕ್ರೀಮ್ ಸಿಗುತ್ತದೆ, ಕಿವಿಗಳಿಗೆ ಬಿಸ್ಕತ್ತು. ಬಿಸ್ಕತ್ತಿನಲ್ಲಿ ತಮಾಗೊ ಇದೆಯಾ ಕೇಳಿಕೊಳ್ಳಿ. ಜಪಾನಿನಲ್ಲಿ ಐಸ್‌ಕ್ರೀಮ್ ಮೊದಲು ಮಾರಾಟವಾದದ್ದೂ ಇದೇ ಊರಿನ ಬಾಶಾಮಿಚಿ ಬೀದಿಯಲ್ಲಿ, 1869ರಲ್ಲಿ, ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಹಾಗಾಗಿ ಇಲ್ಲಿ ಐಸ್‌ಕ್ರೀಮ್ ತಿನ್ನುವುದಕ್ಕೆ ಒಂದು ನ್ಯಾಯವಿದೆ.

ಮುಂದಿನದು ಓಸಾನ್‌ಬಾಶಿ. ಮಂಗಳೂರು ಕಡೆ ಧಕ್ಕೆ ಅನ್ನುತ್ತಾರಲ್ಲ, ಅದೇ, ಆದರೆ ದೊಡ್ಡ ಪ್ರವಾಸಿ ಹಡಗುಗಳಿಗೆ. 1894ರಿಂದ ಇಲ್ಲಿ ಧಕ್ಕೆ ಇದೆ. ಈಗಿನ ಕಟ್ಟಡ 2002ರದ್ದು. ಇದರ ಸೂರಿನ ಮೇಲೆಲ್ಲ ಮರದ ಹಲಗೆ ಹಾಸಿದ್ದಾರೆ. ಆ ಹಲಗೆ ನೆಲ ಮೆಟ್ಟಿಲೇ ಇಲ್ಲದೆ ಏರುತ್ತದೆ, ಇಳಿಯುತ್ತದೆ, ಅಲ್ಲಲ್ಲಿ ಉಬ್ಬುತ್ತದೆ. "ತಿಮಿಂಗಿಲದ ಬೆನ್ನು" ಅಂತ ಅಡ್ಡಹೆಸರು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ದುಡ್ಡಿಲ್ಲ. ಇಡೀ ದಿನದಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮುಂಚೆ ಇಲ್ಲಿರಿ. ಡಿಸೆಂಬರಿನಲ್ಲಿ 4.30ಕ್ಕೇ ಮುಳುಗುತ್ತದೆ, ಜೂನಿನಲ್ಲಿ 7ರ ಹೊತ್ತಿಗೆ. ಬೇಸಿಗೆಯಲ್ಲಿ ಹೋದವರು ಮೊದಲು ಕೆಂಪು ಇಟ್ಟಿಗೆ ಗೋದಾಮು ನೋಡಿ, ಆಮೇಲೆ ಇಲ್ಲಿಗೆ ಬನ್ನಿ. ಗಾಳಿ ಜೋರು, ಚಳಿಗಾಲದಲ್ಲಿ ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಹಲಗೆಯ ಮೇಲೆ ಕೂತರೆ ಹಗಲಿನ ಬಿಸಿಲಿನ ಬೆಚ್ಚಗೆ ಇನ್ನೂ ಉಳಿದಿರುತ್ತದೆ. ಎಡಕ್ಕೆ ಊರು, ಎದುರಿಗೆ ಜೈಂಟ್ ವೀಲ್, ಹಿಂದೆ ಬೇ ಬ್ರಿಜ್. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದರೆ ಕಟ್ಟಡಗಳಾಚೆ ಫೂಜಿ ಬೆಟ್ಟದ ಕಪ್ಪು ಅಂಚು ಕಾಣುತ್ತದೆ. ನಮ್ಮ ಪಕ್ಕದಲ್ಲಿ ಒಬ್ಬ ತಂದೆ ಮಗುವನ್ನು ಉಬ್ಬಿನ ಮೇಲಿಂದ ಉರುಳಲು ಬಿಟ್ಟು, ಮತ್ತೆ ಎತ್ತಿ ತಂದು, ಮತ್ತೆ ಬಿಡುತ್ತಿದ್ದ. ಕತ್ತಲಾಗುವವರೆಗೂ ಅದೇ ಆಟ.

ದೊಡ್ಡ ಹಡಗು ನೋಡುವ ಆಸೆ ಇದ್ದರೆ ಯಾವ ದಿನ ಯಾವ ಹಡಗು ಬರುತ್ತದೆ ಅನ್ನುವ ಪಟ್ಟಿ ಬಂದರಿನ ವೆಬ್‌ಸೈಟಿನಲ್ಲಿದೆ. ತೀರಾ ಎತ್ತರದ ಹಡಗುಗಳು ಬೇ ಬ್ರಿಜ್ ಕೆಳಗೆ ನುಸುಳಲಾರವು, ಆಚೆಯ ದಾಯ್‌ಕೊಕು ಧಕ್ಕೆಯಲ್ಲೇ ನಿಲ್ಲುತ್ತವೆ. ಪಟ್ಟಿಯಲ್ಲಿ ಓಸಾನ್‌ಬಾಶಿ ಅಂತ ಇದೆಯಾ ನೋಡಿಕೊಳ್ಳಿ.

ಇಲ್ಲಿಂದ ಊರಿನ ಮೂರು ಹಳೆ ಗೋಪುರಗಳು ಒಟ್ಟಿಗೆ ಕಾಣುತ್ತವೆ. ರಾಜ ಅಂದರೆ 1928ರ ಪ್ರಾಂತ ಸರ್ಕಾರದ ಕಚೇರಿ, ರಾಣಿ ಅಂದರೆ 1934ರ ಕಸ್ಟಮ್ಸ್ ಕಟ್ಟಡ, ಜಾಕ್ ಅಂದರೆ 1917ರ ಬಂದರು ಸ್ಮಾರಕ ಭವನ. ಇಸ್ಪೀಟು ಎಲೆಗಳ ಹೆಸರು. ಮೂರೂ ಒಟ್ಟಿಗೆ ಕಾಣುವ ಮೂರು ಜಾಗಗಳಲ್ಲೂ ಒಂದೇ ದಿನ ನಿಂತರೆ ಅಂದುಕೊಂಡದ್ದು ಆಗುತ್ತದೆ ಅಂತ ನಾವಿಕರ ಕಾಲದ ನಂಬಿಕೆ. ನೆಲದ ಮೇಲೆ ಗುರುತು ಹಾಕಿದ್ದಾರೆ. ಮಕ್ಕಳಿಗೆ ಹುಡುಕಲು ಹೇಳಿ.

ಸಂಜೆ: ಇಟ್ಟಿಗೆ ಗೋದಾಮು, ಆಮೇಲೆ ದೀಪಗಳು

ಓಸಾನ್‌ಬಾಶಿಯಿಂದ ನಿಧಾನ ನಡೆದರೆ ಹದಿನೈದು ನಿಮಿಷಕ್ಕೆ ಕೆಂಪು ಇಟ್ಟಿಗೆಯ ಎರಡು ಉದ್ದನೆ ಗೋದಾಮುಗಳು. 2ನೇ ಗೋದಾಮು 1911ರದ್ದು, 1ನೆಯದು 1913ರದ್ದು. ಕಸ್ಟಮ್ಸಿನವರು ಸಾಮಾನು ಇಡುತ್ತಿದ್ದ ಜಾಗ. ಎರಡನ್ನೂ ಅಕ್ಕಪಕ್ಕ ನೋಡಿದರೆ ಒಂದು ಗಿಡ್ಡ, ಒಂದು ಉದ್ದ. ಕಟ್ಟಿದಾಗ ಹಾಗಿರಲಿಲ್ಲ. 1ನೇ ಗೋದಾಮಿನ ಅರ್ಧ 1923ರ ಭೂಕಂಪದಲ್ಲಿ ಬಿತ್ತು. ಗೋಡೆಯೊಳಗೆ ಕಬ್ಬಿಣ ಸೇರಿಸಿ ಕಟ್ಟಿದ್ದರಿಂದ ಉಳಿದದ್ದು ನಿಂತಿದೆ. 2002ರಿಂದ ಒಳಗೆ ಅಂಗಡಿ, ತಿಂಡಿ ಮಳಿಗೆಗಳು. ಕೊಳ್ಳುವಂಥದ್ದು ಬೇರೆ ಕಡೆಗಿಂತ ದುಬಾರಿ ಅಂತ ನನಗನಿಸಿತು. ಒಳಗಿನ ಹಳೆ ಕಬ್ಬಿಣದ ಬಾಗಿಲು, ಮೆಟ್ಟಿಲು ನೋಡಿ, ಹೊರಗಿನ ಅಂಗಳದಲ್ಲಿ ಬಿಸಿ ಕಾಫಿ ಹಿಡಿದು ಕೂರಿ. ನವೆಂಬರ್ ಕೊನೆಯಿಂದ ಡಿಸೆಂಬರ್ 25ರವರೆಗೆ ಇಲ್ಲಿ ಕ್ರಿಸ್‌ಮಸ್ ಸಂತೆ, ಆಗ ನೂಕುನುಗ್ಗಲು.

ಮಕ್ಕಳಿದ್ದರೆ ಹತ್ತಿರದ ಕಪ್ ನೂಡಲ್ಸ್ ಮ್ಯೂಸಿಯಂಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ನಿಮ್ಮ ಕಪ್ಪಿಗೆ ನೀವೇ ಬಣ್ಣ ಬರೆದು, ಸಾರು, ಮೇಲೋಗರ ಆರಿಸಬಹುದು. ಸಸ್ಯಾಹಾರಿಗಳಿಗೆ ಅದು ತಿನ್ನಲಿಕ್ಕಲ್ಲ, ನೋಡಲಿಕ್ಕೆ.

ಕತ್ತಲಾದ ಮೇಲೆ ಜೈಂಟ್ ವೀಲ್, ಕಾಸ್ಮೊ ಕ್ಲಾಕ್ 21. 112.5 ಮೀಟರ್ ಎತ್ತರ, 60 ಗೊಂಡೊಲಾ (ಕೂರುವ ತೊಟ್ಟಿಲು), ನಡುವೆ ದೊಡ್ಡ ಗಡಿಯಾರ. ಒಂದು ಸುತ್ತಿಗೆ 15 ನಿಮಿಷ, ಸುಮಾರು 1000 ಯೆನ್. ಕಾಸ್ಮೊ ವರ್ಲ್ಡ್ ಒಳಗೆ ಹೋಗಲು ಟಿಕೆಟ್ ಬೇಡ, ಹತ್ತುವ ಆಟಕ್ಕೆ ಮಾತ್ರ ದುಡ್ಡು. ತುಂಬಾ ನಿಧಾನ ತಿರುಗುತ್ತದೆ, ಅಮ್ಮನಿಗೆ ತಲೆ ಸುತ್ತಲಿಲ್ಲ. ಮೇಲಿನಿಂದ ಬೆಳಿಗ್ಗೆಯಿಂದ ನಡೆದ ದಾರಿಯೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಗುಡ್ಡ, ಹಡಗಿನ ದೀಪದ ಸಾಲು, ಧಕ್ಕೆ, ಗೋದಾಮು. "ಅಲ್ನೋಡು, ಚಪಾತಿ ತಿಂದಿದ್ದು ಅಲ್ಲೇ ಅಲ್ವಾ?" ಅಂತ ಅಮ್ಮ ಬೆರಳು ಮಾಡಿದರು.

ವಾಪಸ್ ಹೋಗುವ ದಾರಿ

ಸಕುರಾಗಿಚೊ ಸ್ಟೇಷನ್ನಿಗೆ ಎರಡು ದಾರಿ. ಕಾಲು ಸೋತವರಿಗೆ ಯೊಕೊಹಾಮಾ ಏರ್ ಕ್ಯಾಬಿನ್, 2021ರಲ್ಲಿ ಶುರುವಾದ ಹಗ್ಗದ ತೊಟ್ಟಿಲು. 630 ಮೀಟರ್, ಐದು ನಿಮಿಷ, ಒಂದು ಕಡೆಗೆ 1000 ಯೆನ್. ಐದು ನಿಮಿಷಕ್ಕೆ ಅದು ಜಾಸ್ತಿಯಾಯಿತು, ಆದರೆ ಮಂಡಿ ಹಿಡಿದುಕೊಂಡಿದ್ದರೆ ಯೋಚಿಸಬೇಡಿ. ನಡೆಯಬಲ್ಲವರಿಗೆ ಕಿಶಾಮಿಚಿ. 1911ರಲ್ಲಿ ಸಾಮಾನು ಗಾಡಿಗಳಿಗೆ ಹಾಕಿದ ರೈಲು ದಾರಿಯನ್ನು ನಡೆಯುವ ದಾರಿ ಮಾಡಿದ್ದಾರೆ. ಹಳಿಗಳನ್ನು ಕಿತ್ತಿಲ್ಲ, ನೆಲದಲ್ಲಿ ಹಾಗೇ ಬಿಟ್ಟಿದ್ದಾರೆ. ಎರಡೂ ಬದಿ ನೀರು. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಚೆರ್ರಿ ಮರಗಳು ಹೂ ಬಿಟ್ಟಿರುತ್ತವೆ. ತುದಿಯಲ್ಲಿ 1930ರ ಹಾಯಿ ಹಡಗು ನಿಪ್ಪೊನ್ ಮಾರು, ಹಿಕಾವಾ ಮಾರುವಿನ ಓರಗೆಯದು.

ಮಾಂಸ ತಿನ್ನುವವರು ಸ್ಟೇಷನ್ನಿನ ಹತ್ತಿರ ಕಿಯೊಕೆನ್ ಅಂಗಡಿಯಲ್ಲಿ ಶೂಮಾಯ್ ಬೆಂತೊ (ಊಟದ ಡಬ್ಬಿ) ಕಟ್ಟಿಸಿಕೊಳ್ಳಿ. 1928ರಿಂದ ಯೊಕೊಹಾಮಾದವರು ತಿನ್ನುತ್ತಿರುವ, ಆರಿದರೂ ರುಚಿ ಕೆಡದ ಹಂದಿ ಮಾಂಸದ ಪುಟ್ಟ ಕಡುಬುಗಳು. ಬೆಂತೊ ಅಲ್ಲದೆ ಬರೀ ಶೂಮಾಯ್ ಇರುವ ಡಬ್ಬಿ ಕೊಂಡರೆ ಅದರೊಳಗೆ ಬೆರಳುದ್ದದ ಪಿಂಗಾಣಿ ಸೋಯಾ ಬಾಟಲು ಸಿಗುತ್ತದೆ, ಒಂದೊಂದಕ್ಕೂ ಒಂದೊಂದು ಮುಖ ಬರೆದಿರುತ್ತಾರೆ.

ರೈಲು ಹತ್ತುವ ಮುಂಚೆ ಹೊಸ ದಕ್ಷಿಣ ದ್ವಾರದ ಪಕ್ಕದ ಕಟ್ಟಡಕ್ಕೆ ಐದು ನಿಮಿಷ ಹೋಗಿ ಬನ್ನಿ. ಜಪಾನಿನ ಮೊದಲ ರೈಲು 1872ರಲ್ಲಿ ಟೋಕಿಯೊದ ಶಿಂಬಾಶಿಗೂ ಯೊಕೊಹಾಮಾಗೂ ನಡುವೆ ಓಡಿತು. ಆಗಿನ ಯೊಕೊಹಾಮಾ ಸ್ಟೇಷನ್ ಅಂದರೆ ಇದೇ ಸಕುರಾಗಿಚೊ. ಆ ಕಾಲದ 110ನೇ ನಂಬರಿನ ಪುಟ್ಟ ಉಗಿ ಎಂಜಿನ್ ಅಲ್ಲಿ ನಿಂತಿದೆ, ಹಿಂದೆ ಮರದ ಬೋಗಿಯೊಂದು. ಅಮ್ಮ ಅದರೊಳಗಿನ ಬೆಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಂಡರು. ಆಮೇಲೆ ಜೆಆರ್ ನೆಗಿಶಿ ಲೈನಿನ ರೈಲು ಹತ್ತಿದೆವು. ಅದು ಕೆಯ್‌ಹಿನ್ ತೊಹೊಕು ಲೈನಾಗಿ ಸೀದಾ ಟೋಕಿಯೊ ಸ್ಟೇಷನ್ನಿಗೇ ಹೋಗುತ್ತದೆ. ಸಂಜೆ 6ರಿಂದ 7.30ರವರೆಗೆ ಗದ್ದಲ, ಸೀಟು ಬೇಕಿದ್ದರೆ 8ರ ಮೇಲೆ ಹೊರಡಿ.